ಕಟಿಂಗ್ ಅಕ್ಕನ ನಗು

ಹೊಲಿಗೆ ಅಂಗಡಿಯ ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿ ಓಡಿಸುತ್ತಿದ್ದ ಕಟಿಂಗ್ ಅಕ್ಕನ ಕೈ ಈಗ ಎಲ್ಲೂ ತಪ್ಪುತ್ತಿರಲಿಲ್ಲ. ಹಿಂದೆ ಒಂದೇ ಅಂಗಿಗೆ ಎರಡೂ ಎಡತೋಳು ಕತ್ತರಿಸಿ ಮಾಲೀಕರಿಂದ ಬೈಸಿಕೊಂಡವಳು. ಅದು ಸೋಮಾರಿತನವಲ್ಲ, ಗಮನ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎಂಬ ಹೆಸರಿದೆ, ಔಷಧವೂ ಇದೆ ಎಂದು ತಿಳಿದ ದಿನ ಅತ್ತೇಬಿಟ್ಟಿದ್ದಳು.

ಮಾತ್ರೆ ಕೈಗೆ ಹಿಡಿತ ಕೊಟ್ಟಿತು ನಿಜ. ಆದರೆ ಅಕ್ಕ ಬಾಯಿ ತೆರೆದರೆ ಹೊಲಿಗೆ ಯಂತ್ರಗಳೆಲ್ಲ ನಿಂತು ಅಂಗಡಿಯೇ ನಗುತ್ತಿದ್ದ ಕಾಲವೊಂದಿತ್ತು. ಅದು ಎಲ್ಲಿ ಹೋಯಿತೋ! ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸಾಗುತ್ತಿತ್ತು. ಸಂಜೆ ಮಗಳ ಮಾತು ಪಕ್ಕದ ಮನೆಯಿಂದ ಬಂದಂತೆ ಕೇಳಿಸುತ್ತಿತ್ತು.

"ಅಮ್ಮಾ, ನೀನು ಮೊದಲಿನ ಹಾಗೆ ಯಾವಾಗ ನಗ್ತೀಯ?" ಎಂದು ಮಗಳು ಒಂದು ದಿನ ಕೇಳಿದಳು. ಅಕ್ಕನಿಗೂ ಅದೇ ಬೇಕಾಗಿತ್ತು. ಮಾತ್ರೆ ಶುರುವಾದ ಮೇಲೆ ಹೀಗಾಗಿದೆ ಎಂದು ಡಾಕ್ಟರಿಗೆ ಹಿಂದೊಮ್ಮೆ ಅಳುಕುತ್ತಲೇ ಹೇಳಿದ್ದಳು. "ಅಭ್ಯಾಸ ಆಗುತ್ತೆ ಬಿಡಿ" ಎಂದಿದ್ದರು.

ಈ ಸಲ ತೋರಿಸಲು ಹೋದಾಗಲೂ ಡಾಕ್ಟರು ಜೊತೆಗೆ ಬಂದಿದ್ದ ಗಂಡನತ್ತ ತಿರುಗಿದರು. "ಹೇಗಿದ್ದಾರೆ ಇವರು?"

"ತುಂಬಾ ವಾಸಿ ಡಾಕ್ಟ್ರೇ. ಹಾಲು ಉಕ್ಕಲ್ಲ, ಬೀಗದ ಕೈ ಕಳೆಯಲ್ಲ. ಮನೇಲಿ ನೆಮ್ಮದಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವರ್ಷಗಟ್ಟಲೆ ಅವಳ ಹಿಂದೆ ಓಡಾಡಿ ಅವನೂ ಸುಸ್ತಾಗಿದ್ದ.

"ಹಾಗಾದ್ರೆ ಇದನ್ನೇ ಮುಂದುವರಿಸೋಣ." ಡಾಕ್ಟರು ಪೆನ್ನು ಎತ್ತಿಕೊಂಡರು.

ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಸುಮ್ಮನೆ ಎದ್ದು ಬರುವುದೇ ಸುಲಭವಿತ್ತು.

"ಡಾಕ್ಟ್ರೇ, ಮಾತ್ರೆ ನುಂಗೋಳು ನಾನು. ನನ್ನನ್ನೂ ಒಂದು ಮಾತು ಕೇಳಿ."

ಪೆನ್ನು ನಿಂತಿತು.

"ಕೆಲಸ ಚೆನ್ನಾಗಿ ನಡೀತಿದೆ, ಇಲ್ಲ ಅನ್ನಲ್ಲ. ಆದ್ರೆ ಮಧ್ಯಾಹ್ನ ಆದ್ರೆ ಎದೆ ಡವಡವ ಅನ್ನುತ್ತೆ, ಊಟ ಸೇರಲ್ಲ. ಸಂಜೆ ಹೊತ್ತಿಗೆ ನಾನು ನಾನಾಗಿರಲ್ಲ."

"ನಿಲ್ಲಿಸಿಬಿಟ್ರೆ ಮತ್ತೆ ಹಳೇ ಪಾಡು ಶುರುವಾಗುತ್ತಲ್ಲಮ್ಮ?" ಎಂದರು ಡಾಕ್ಟರು.

"ನಿಲ್ಲಿಸಿ ಅಂತಿಲ್ಲ. ಡೋಸ್ ಕಡಿಮೆ ಮಾಡೋಕಾಗುತ್ತಾ, ಬೇರೆ ಮಾತ್ರೆ ಇದೆಯಾ ಅಂತ ಕೇಳ್ತಿದ್ದೀನಿ. ನಂಗೆ ಕೆಲಸಾನೂ ಬೇಕು, ನನ್ನ ನಗುವೂ ಬೇಕು."

ಡಾಕ್ಟರು ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು. ನಾಡಿ ಹಿಡಿದರು, ಬಿಪಿ ನೋಡಿದರು, ತೂಕ ಮಾಡಿಸಿದರು.

"ತೂಕ ಇಳಿದಿದೆ. ಮೊದಲೇ ನಿಮ್ಮ ಮಾತು ಕೇಳಬೇಕಿತ್ತು," ಎಂದು ಮೆಲ್ಲನೆ ಹೇಳಿ, ಡೋಸ್ ಇಳಿಸಿ, ಬೇಗ ಮತ್ತೆ ಬಂದು ತೋರಿಸಲು ಹೇಳಿದರು. ಇದು ಸರಿಹೋಗದಿದ್ದರೆ ಬೇರೆ ಮಾತ್ರೆ ನೋಡೋಣ ಎಂದರು.

ಬಸ್ ಸ್ಟಾಪಿನಲ್ಲಿ ಗಂಡ ಮುಖ ಆಚೆ ತಿರುಗಿಸಿ ಕೂತಿದ್ದ.

"ಕೋಪ ಬಂತಾ?" ಎಂದಳು.

"ಇಲ್ಲ ಕಣೇ. ನೀನು ನಗದೆ ಮನೆ ಬಿಕೋ ಅಂತಿತ್ತು. ಹೇಳಿದ್ರೆ ಎಲ್ಲಿ ಮಾತ್ರೆ ಬಿಟ್ಬಿಡ್ತೀಯೋ ಅಂತ ಹೆದರಿ ಬಾಯಿ ಮುಚ್ಕೊಂಡಿದ್ದೆ."

ಅವಳು ಅವನ ಮುಖವನ್ನೇ ನೋಡಿದಳು. ಆ ನಗುವಿಗೆ ತಾನು, ಮಗಳು ಇಬ್ಬರೇ ಹಂಬಲಿಸುತ್ತಿದ್ದೇವೆ ಎಂದುಕೊಂಡಿದ್ದಳು.

ಬಸ್ಸು ಬಂದು ಹೋಯಿತು. ಇಬ್ಬರಿಗೂ ಏಳುವ ಮನಸ್ಸಾಗಲಿಲ್ಲ. ಎಷ್ಟೋ ದಿನಗಳಿಂದ ಒಳಗೇ ಉಳಿದಿದ್ದ ಮಾತು ಈಗಷ್ಟೇ ಶುರುವಾಗಿತ್ತು.