ತೂಕದ ಕೋಣೆಯ ಇಬ್ಬರು ಆಟಗಾರರು

ಮೊಣಕಾಲು ಮಡಚಲಿಲ್ಲ. ಜಂಬುನಾಥ್ ಎರಡೂ ಅಂಗೈ ಊರಿ ಇನ್ನೊಮ್ಮೆ ಒತ್ತಿದ. ನಸುಕಿನಲ್ಲಿ ಜೀವ ಹೋದ ಮೈ ಹತ್ತು ಗಂಟೆಗೆಲ್ಲ ಬಿಗಿದುಕೊಂಡಿತ್ತು. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮನೆತನ ಅದು. ಕಾಲು ಮಡಚದೆ ಮುಂದಿನ ಕೆಲಸವಿಲ್ಲ.

"ಬಿಸಿನೀರು ಹಾಕ್ರಿ, ಸಡ್ಲ ಆಗ್ತೈತಿ," ಎಂದರು ವಿಭೂತಿ ಹಿಡಿದು ನಿಂತಿದ್ದ ಅಯ್ಯನವರು.

ಇನ್ನೊಂದು ಕಾಲು ಹಿಡಿದಿದ್ದವನು ಸತ್ತ ವೀರೇಶನ ಅಣ್ಣ ಸಿದ್ದಲಿಂಗೇಶ್. ಹೊಸಪೇಟೆಯ ಪೇಟೆಬೀದಿಯಲ್ಲಿ ಅಕ್ಕಿ ಅಂಗಡಿ ಇಟ್ಟ ಮನುಷ್ಯ, ಮೈ ಬಗ್ಗಿಸಿ ರೂಢಿಯಿಲ್ಲ. ಏದುಸಿರು ಬಿಡುತ್ತ ತಮ್ಮನ ಮುಖ ನೋಡಿ ಹಲ್ಲು ಕಡಿದ.

"ಹೆಂಗ ಸಡ್ಲ ಆಗ್ತಾವ್ರಿ? ಇಪ್ಪತ್ತು ವರ್ಷ ಆ ಕಂಪ್ಯೂಟರ್ ಮುಂದ ಗೂಟ ಬಡದಂಗ ಕುಂತಾನ. ಗೇಮು, ಗೇಮು, ಗೇಮು. ಕೆಲಸಾನೂ ಅದೇ ನುಂಗ್ತು, ಮಾನಾನೂ ಅದೇ ನುಂಗ್ತು."

"ಹಾರ್ಟ್ ಅಟ್ಯಾಕ್ ಆಗಿ ಸತ್ತಾನ್ರಿ ಅವ," ಎಂದ ಜಂಬುನಾಥ್.

"ಅಟ್ಯಾಕ್ ಸುಮ್ನ ಆಗ್ತೈತೇನು? ಆಟ ಆಡ್ಕೋತ ಕುಂತು ಒಬ್ಬ ಮನುಷ್ಯಾನ್ನ ಕೊಂದ. ಒಳಗ ಕೊರದಿರ್ತೈತಿ."

ಅಂಗಳದಲ್ಲಿ ಶಾಮಿಯಾನದ ಕೆಳಗೆ ಕೂತವರಿಗೆಲ್ಲ ಕೇಳಿಸುವಷ್ಟು ಜೋರಾಗಿ ಅಂದಿದ್ದ. ಯಾರೋ ಲೊಚಗುಟ್ಟಿದರು. ವೀರೇಶನ ಹೆಂಡತಿ ಶಾಂಭವಿ ಬಿಸಿನೀರಿನ ತಂಬಿಗೆ ತಂದು ಗಂಡನ ಮೊಣಕಾಲ ಮೇಲೆ ನಿಧಾನವಾಗಿ ಸುರಿದಳು. "ಭಾವಾ, ಇವತ್ತೊಂದು ದಿನ ಸಾಕು ಮಾಡ್ರಿ," ಎಂದಳು, ಅವನ ಕಡೆ ನೋಡದೆ.

ಜಂಬುನಾಥನಿಗೆ ತಲೆಗೆ ರಕ್ತ ಏರಿತು. ಅಕ್ಕಿ ಅಂಗಡಿಯವನ ಮೇಲೆ ಸಿಟ್ಟು, ಲೊಚಗುಟ್ಟಿದವರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಕಣ್ಣು ಮುಚ್ಚಿ ತಣ್ಣಗೆ ಒರಗಿದ್ದ ಈ ಮನುಷ್ಯನ ಮೇಲೆ. ಒಂದು ಮಾತು ಆಡದೆ ಹೋಗಿಬಿಟ್ಟ. ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದ. ಒಣ ಕೊಂಬೆ ಮುರಿದಂತೆ ಸದ್ದಾಗಿ ಕಾಲು ಮಡಚಿಕೊಂಡಿತು.

"ಮೆಲ್ಲಕ," ಎಂದಳು ಶಾಂಭವಿ. "ನಿನ್ನ ಗೆಳೆಯ ಅವ."

* * *

ಇಬ್ಬರಿಗೂ ಆಟದ ಗೀಳು ಹತ್ತಿಸಿದ್ದು ಲಾರಿಗಳೇ.

ಗಾದಿಗನೂರಿನ ಆಚೆ, ಸಂಡೂರಿನ ಗಣಿಗಳಿಂದ ಬರುವ ಅದಿರನ್ನು ತೂಗುವ ಒಂದು ಯಾರ್ಡು. ತೂಕದ ಕಟ್ಟೆಯ ಪಕ್ಕಕ್ಕೆ ಕಿಟಕಿಯಿರುವ ಪುಟ್ಟ ಕೋಣೆ. ಒಳಗೆ ತೂಕ ಬರೆದುಕೊಳ್ಳಲು ವೀರೇಶ್, ಪರ್ಮಿಟ್ ಚೀಟಿ ನೋಡಲು ಜಂಬುನಾಥ್, ಇಬ್ಬರ ನಡುವೆ ಒಂದು ಹಳೆಯ ಕಂಪ್ಯೂಟರು. ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ ಐದು ನಿಮಿಷ ಸಿಗುತ್ತಿತ್ತು, ಕೆಲವು ಸಲ ಹತ್ತು. ಗುಂಡು ಹಾರಿಸುವ ಆಟ, ಕಾರು ಓಡಿಸುವ ಆಟ ಇಬ್ಬರೂ ಆಡಿ ನೋಡಿ ಬಿಟ್ಟಿದ್ದರು. ಲಾರಿ ಬಂತೆಂದು ಕೈ ತೆಗೆದರೆ ಅಲ್ಲಿ ಸತ್ತೇ ಹೋಗುತ್ತಿದ್ದರು. ಕೊನೆಗೆ ಸರದಿಯ ಮೇಲೆ ನಡೆಯುವ ಆಟಗಳು ಕೈಗೆ ಬಂದವು. ನೀನೊಂದು ನಡೆ, ಕಂಪ್ಯೂಟರಿನದೊಂದು ನಡೆ. ನೀನು ನಡೆಸುವ ತನಕ ಅದು ಮಿಸುಕದೆ ಕಾಯುತ್ತದೆ, ಎಷ್ಟು ಲಾರಿ ಬಂದು ಹೋದರೂ.

ಕಂಪ್ಲಿಯ ಹೊಳೆದಂಡೆಯಲ್ಲಿ ಬೆಳೆದ ಜಂಬುನಾಥನಿಗೆ ಸಾಮ್ರಾಜ್ಯ ಕಟ್ಟುವ ಆಟ ಹಿಡಿಸಿತು. ನದಿಯ ಪಕ್ಕ ಒಂದು ಗುಡಿಸಲಿನಿಂದ ಶುರು. ಕಾಲುವೆ, ರಸ್ತೆ, ಕೋಟೆ, ಮೂರು ಸಾವಿರ ವರ್ಷ. ಪ್ರತಿ ಸಲ ರಾಜಧಾನಿಗೆ ಕಂಪ್ಲಿ ಎಂದೇ ಹೆಸರಿಡುತ್ತಿದ್ದ. ವೀರೇಶನದು ದಂಡಿನ ಆಟ. ಆರೇ ಜನ ಸೈನಿಕರು, ಎದುರಿಗೊಂದು ಗುಡ್ಡ. ಒಬ್ಬೊಬ್ಬರಿಗೂ ಒಂದು ಹೆಸರು, ಒಂದೊಂದು ಹೆಜ್ಜೆಗೂ ಲೆಕ್ಕ. ಸತ್ತವನು ಸತ್ತ ಹಾಗೆಯೇ.

ಯಾವುದು ಮೇಲು ಎಂಬ ಜಗಳ ಹದಿನಾಲ್ಕು ವರ್ಷ ನಡೆಯಿತು.

"ನಿಂದು ಆಟ ಅಲ್ಲಲೇ, ಸರ್ಕಾರಿ ನೌಕ್ರಿ," ಎನ್ನುತ್ತಿದ್ದ ವೀರೇಶ್. "ಮುನ್ನೂರು ಸಲ ಗುಂಡಿ ಒತ್ತಿದ್ರ ಒಂದು ಕಾಲುವಿ ಆಗ್ತೈತಿ."

"ನಿಂದೇನು? ಆರು ಮಂದಿ ಗುಡ್ಡ ಹತ್ತೋದು, ಐದು ಮಂದಿ ಸಾಯೋದು. ಅದಕ್ಯಾಕ ಕಂಪ್ಯೂಟರು, ನಮ್ಮ ಗಣಿ ಸಾಲದೇನು? ನನ್ನ ಆಟದಾಗ ಹತ್ತು ಲಕ್ಷ ಮಂದಿ ಬದುಕ್ತಾರ."

"ಅದ್ರಾಗ ಒಬ್ಬರ ಹೆಸರು ಹೇಳು ನೋಡೂಣು."

ಜಂಬುನಾಥ್ ಹೇಳಲಾರದೆ ಬೈಯುತ್ತಿದ್ದ. ವೀರೇಶ್ ತನ್ನ ಸೈನಿಕರಿಗೆ ಯಾರ್ಡಿನವರ ಹೆಸರಿಡುತ್ತಿದ್ದ. ಗೇಟಿನಾಚೆ ಚಹಾ ಮಾರುವ ಎರ್ರಮ್ಮ ಅವನ ದಂಡಿನಲ್ಲಿ ಬಿಲ್ಲುಗಾರ್ತಿ. ಒಂದು ದಿನ ಆಟದ ಸೇತುವೆಯ ಮೇಲೆ ಆ ಎರ್ರಮ್ಮ ಸತ್ತಳು. ವೀರೇಶ್ ಊಟ ಬಿಟ್ಟ. ಸಂಜೆ ಹೋಗಿ ನಿಜವಾದ ಎರ್ರಮ್ಮನ ಎದುರು ಕೂತು ಎರಡು ಚಹಾ ಕುಡಿದು ಬಂದ.

"ಹುಚ್ಚ ಅದೀ ಏನ್ಲೇ?" ಎಂದ ಜಂಬುನಾಥ್. "ಸೇವ್ ಮಾಡಿದ್ದು ಐತಲ್ಲ. ಹಿಂದಕ ಹೋಗು, ಆಕಿ ಬದುಕಿರ್ತಾಳ."

"ಬ್ಯಾಡ. ಆಕಿನ್ನ ಅಲ್ಲಿ ನಿಲ್ಸಿದವ ನಾನು."

ಜಂಬುನಾಥ್ ಒಂದು ಪಟ್ಟಣ ಕಳೆದುಕೊಂಡರೂ ನಾಲ್ಕು ಸಲ ಹಿಂದಕ್ಕೆ ಹೋಗುತ್ತಿದ್ದ. ಗೆದ್ದ ಮೇಲೆ, ಸೋತದ್ದೇ ಇಲ್ಲ ಎಂಬಂತೆ ಕುಣಿಯುತ್ತಿದ್ದ.

* * *

ಹನ್ನೆರಡರ ಹೊತ್ತಿಗೆ ಯಾರ್ಡಿನ ಮ್ಯಾನೇಜರ್ ಬಸವರಾಜ್ ಬಂದ. ಬಿಳಿ ಕಾರು, ಡ್ರೈವರನ ಕೈಯಲ್ಲಿ ಆಳೆತ್ತರದ ಹಾರ. ಹಾರದ ನಡುವೆ ಕಂಪನಿಯ ಹೆಸರಿನ ಪಟ್ಟಿ. ವೀರೇಶನನ್ನು ಆಗಲೇ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿದ್ದರು. ಬಸವರಾಜ್ ಹಾರ ಹಾಕಿ, ಪಟ್ಟಿ ಎದುರಿಗೆ ಕಾಣುವಂತೆ ತಿರುಗಿಸಿದ.

"ಭಾಳ ಒಳ್ಳೆ ಮನುಷ್ಯ. ಅದೊಂದು ಚಟ ಇರ್ಲಿಲ್ಲ ಅಂದ್ರ ಇವತ್ತು ನನ್ನ ಕುರ್ಚ್ಯಾಗ ಇರ್ತಿದ್ದ," ಎಂದು ಸಿದ್ದಲಿಂಗೇಶನಿಗೆ ಹೇಳಿದ. ಸಿದ್ದಲಿಂಗೇಶ್ ಕೈಮುಗಿದು ಕುರ್ಚಿ ಹಾಕಿಸಿದ. ಆಮೇಲೆ ಬಸವರಾಜ್ ಜಂಬುನಾಥನ ಭುಜ ಮುಟ್ಟಿ ದನಿ ತಗ್ಗಿಸಿದ. "ಮಣ್ಣು ಮುಗಿಸಿ ಜಲ್ದಿ ಬಂದುಬಿಡು. ಎರಡನೇ ಪಾಳಿಗೆ ಜನ ಇಲ್ಲ."

ಜಂಬುನಾಥ್ ತಲೆಯಾಡಿಸಿದ. ತಲೆಯಾಡಿಸಿದ್ದಕ್ಕೆ ತನ್ನ ಮೇಲೆಯೇ ಉಗಿಯಬೇಕೆನ್ನಿಸಿತು. ಆರು ವರ್ಷದಿಂದ ಈ ಮನುಷ್ಯ ಏನು ಹೇಳಿದರೂ ಅವನ ತಲೆ ತಾನಾಗಿಯೇ ಆಡುತ್ತಿತ್ತು.

* * *

ಆರು ವರ್ಷದ ಹಿಂದಿನ ಆ ಮಧ್ಯಾಹ್ನ ಜಂಬುನಾಥ್ ಎರ್ರಮ್ಮನ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತ ಕೂತಿದ್ದ. ಕೋಣೆಯಲ್ಲಿ ವೀರೇಶ್ ಒಬ್ಬನೇ.

ತೂಕವಾದ ಲಾರಿ ಹಿಂದಕ್ಕೆ ಸರಿಯುವ ಮೊದಲು ಕೋಣೆಯಿಂದ ಗುಂಡಿ ಒತ್ತಬೇಕು, ಸೈರನ್ ಕೂಗಬೇಕು, ಹಿಂದಿದ್ದವರು ಆಚೆ ಹೋಗಬೇಕು. ಸೈರನ್ ಸುಟ್ಟು ನಾಲ್ಕು ತಿಂಗಳಾಗಿತ್ತು. ವೀರೇಶ್ ಡ್ಯೂಟಿ ಪುಸ್ತಕದಲ್ಲಿ ಮೂರು ಸಲ ಬರೆದಿದ್ದ, ಮೂರು ಸಲವೂ ಬಸವರಾಜ್ ಕೆಳಗೆ ಸಹಿ ಹಾಕಿದ್ದ. ಸೈರನ್ ಮಾತ್ರ ಬಂದಿರಲಿಲ್ಲ. ಅಲ್ಲಿಯವರೆಗೆ ಇವರಿಬ್ಬರೇ ಕಿಟಕಿಯಿಂದ ಕತ್ತು ಚಾಚಿ ಕೂಗುತ್ತಿದ್ದರು.

ಅವತ್ತು ಯಾರೂ ಕೂಗಲಿಲ್ಲ. ಕಟ್ಟೆಯ ಹಿಂದೆ ಚೆಲ್ಲಿದ ಅದಿರು ಗುಡಿಸುತ್ತಿದ್ದ ಬಂಡ್ರಿ ಊರಿನ ಪಾಲಪ್ಪನ ಮೇಲೆ ಲಾರಿ ಬಂತು.

ಜಂಬುನಾಥ್ ಓಡಿ ಬಂದಾಗ ವೀರೇಶ್ ಪಾಲಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತಿದ್ದ. ಕೋಣೆಯೊಳಗೆ, ಪರದೆಯ ಮೇಲೆ, ಆರು ಸೈನಿಕರು ಗುಡ್ಡದ ಬುಡದಲ್ಲಿ ಇನ್ನೂ ನಿಂತೇ ಇದ್ದರು.

ಸಂಜೆ ಬಸವರಾಜ್ ಜಂಬುನಾಥನನ್ನು ಒಳಗೆ ಕರೆದ. "ನಾಳಿ ತನಿಖಿಯವ್ರು ಬರ್ತಾರ. ಯಾರ್ಡ್ ಬಂದಾದ್ರ ನಾಕುನೂರು ಮನಿ ಒಲಿ ಆರ್ತಾವ, ನಿಂದೂ ಸೇರಿ. ಆ ಡ್ಯೂಟಿ ಪುಸ್ತಕದಾಗ ಸೈರನ್ನಿನ ಮೂರು ಹಾಳಿ ಇರಬಾರ್ದು ನೋಡು. ಅವ ಹೆಂಗೂ ಆಟ ಆಡ್ತಿದ್ದೆ ಅಂತ ಒಪ್ಪಿಕೊಂಡಾನ."

ಜಂಬುನಾಥ್ ಮೂರು ಹಾಳೆ ಹರಿದ. ಎರ್ರಮ್ಮ ನೀರು ತರಲು ಹೋದಾಗ ಅವಳ ಒಲೆಗೆ ತುರುಕಿದ. ಕರ್ತವ್ಯದ ವೇಳೆ ಗೇಮ್ ಆಡುತ್ತಿದ್ದುದೇ ಕಾರಣ ಎಂಬ ಹೇಳಿಕೆಯ ಕೆಳಗೆ ಸಾಕ್ಷಿಯಾಗಿ ಸಹಿ ಹಾಕಿದ.

ಎರಡು ದಿನ ಬಿಟ್ಟು, ಕೆಲಸದಿಂದ ತೆಗೆದ ಕಾಗದ ಕೈಗೆ ಬಂದ ಮೇಲೆ, ವೀರೇಶ್ ತನ್ನ ಊಟದ ಡಬ್ಬಿ ಒಯ್ಯಲು ಬಂದ. ಪುಸ್ತಕ ತೆರೆದು ನೋಡಿದ. ಹೊಲಿಗೆಯಲ್ಲಿ ಮೂರು ಹಾಳೆಗಳ ಬೇರು ಉಳಿದಿತ್ತು. ಪುಸ್ತಕ ಇಡುವ ಬೀರುವಿನ ಕೀಲಿ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ. ಪುಸ್ತಕ ಮುಚ್ಚಿ ಅದರ ಜಾಗದಲ್ಲೇ ಇಟ್ಟ.

"ಆಟ ಕಾಯ್ತಿತ್ತು ಜಂಬು," ಎಂದ. "ನಾನೇ ತಲಿ ಎತ್ತಲಿಲ್ಲ."

ಹಾಳೆಯ ಬಗ್ಗೆ ಒಂದು ಮಾತಿಲ್ಲ. ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್ ಯಂತ್ರ ಇಟ್ಟು, ಜನರ ಅರ್ಜಿ ಬರೆದುಕೊಡುತ್ತ ಕೂತ. ವರ್ಷ ಕಳೆದ ಮೇಲೆ ತಾನೇ ಫೋನ್ ಮಾಡಿದ: "ಹೊಸಾ ಆಟ ಹಾಕೀನಿ. ನಿನ್ನ ಕಂಪ್ಲಿಗಿಂತ ಮಸ್ತ್ ಐತಿ. ಬಾ, ಜಗಳ ಆಡೂಣು."

ಐದು ವರ್ಷ ಪ್ರತಿ ಭಾನುವಾರ ಜಂಬುನಾಥ್ ಹೋದ. ಪ್ರತಿ ಭಾನುವಾರ, ಇವತ್ತು ಕೇಳುತ್ತಾನೆ, ಇವತ್ತು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದ. ವೀರೇಶ್ ಚಹಾ ತರಿಸಿ, ಯಾವ ಆಟದಲ್ಲಿ ಕುದುರೆಪಡೆ ಚೆನ್ನಾಗಿದೆ ಎಂದು ವಾದಿಸಿದ. ಒಮ್ಮೆಯಾದರೂ ಕಪಾಳಕ್ಕೆ ಬಾರಿಸಿದ್ದರೆ ಜಂಬುನಾಥ್ ನಿದ್ದೆ ಮಾಡುತ್ತಿದ್ದ.

* * *

ರುದ್ರಭೂಮಿಯಲ್ಲಿ ವೀರೇಶನನ್ನು ಗುಣಿಯೊಳಗೆ ಇಳಿಸಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟರು. ಅಯ್ಯನವರು ಬಿಲ್ವಪತ್ರೆ, ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸುತ್ತಿದ್ದಾಗ ಜನ ಸರಿದು ದಾರಿ ಬಿಟ್ಟರು. ಸಂಡೂರಿನ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಹೆಂಗಸು. ಪಾಲಪ್ಪನ ಹೆಂಡತಿ ತಾಯಕ್ಕ.

"ಈಕಿನ್ನ ಯಾರು ಕರೆದ್ರು?" ಎಂದ ಸಿದ್ದಲಿಂಗೇಶ್.

"ನಾನು," ಎಂದಳು ಶಾಂಭವಿ.

ತಾಯಕ್ಕ ಗುಣಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಬೈಯುತ್ತಾಳೆಂದೇ ಎಲ್ಲರೂ ಅಂದುಕೊಂಡರು. ಬೈಯಲೇ ಬಂದವಳಂತೆ ಅವಳ ದನಿ ಗಡುಸಾಗಿತ್ತು.

"ನನ್ನ ಗಂಡ ಸತ್ತ ಏಳನೇ ದಿನಕ್ಕ ಬಾಗಿಲಾಗ ಬಂದು ನಿಂತ ಇವ. ನನ್ನ ಕಣ್ಣು ಆಟದ ಮ್ಯಾಲ ಇತ್ತವ್ವಾ, ಅಂದ. ಒನಕಿ ತಗೊಂಡು ಹೊಡೆದೀನಿ. ರಕ್ತ ಒರಸ್ಕೋತ ಹೋದ. ಮುಂದಿನ ತಿಂಗಳ ಮತ್ತ ಬಂದ. ಪಿಂಚಣಿ ಅರ್ಜಿ ಬರದ, ಮಗಳ ಕಾಲೇಜಿನ ಅರ್ಜಿ ಬರದ. ಆರು ವರ್ಷ ಬಂದಾನ, ಆರು ವರ್ಷ ಬೈದೀನಿ. ಒಂದಿನ ನೀರು ಕುಡೀ ಅಂದಿಲ್ಲ ನಾನು."

ಬಸವರಾಜ್ ಒಂದು ಹೆಜ್ಜೆ ಮುಂದೆ ಬಂದು ಕೈಮುಗಿದ. "ದೊಡ್ಡ ಮನಸ್ಸು ನಿಂದು ತಾಯಿ. ಗಂಡನ್ನ ಕೊಂದವನ ಮಣ್ಣಿಗೂ ಬಂದಿ."

"ಬಾಯಿ ಮುಚ್ಚು!"

ಕೂಗಿದ್ದು ತಾನೇ ಎಂದು ಜಂಬುನಾಥನಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ಬಾಯಿ ನಿಲ್ಲಲಿಲ್ಲ. "ಸೈರನ್ ಸುಟ್ಟು ನಾಕು ತಿಂಗಳಾಗಿತ್ತು! ಮೂರು ಸಲ ಬರದಿದ್ದ ಇವ, ಮೂರು ಸಲ ನೀನೇ ಸಹಿ ಹಾಕಿದ್ದಿ. ಪಾಲಪ್ಪ ಸತ್ತ ದಿನ ಆ ಹಾಳಿ ಹರಿ ಅಂದವ ನೀನು. ಹರದವ ನಾನು. ಈ ಕೈಲೆ ಹರದು ಒಲ್ಯಾಗ ಹಾಕೀನಿ!"

ಶಾಂಭವಿಯ ಬಾಯಿ ತೆರೆದೇ ಉಳಿಯಿತು. ಅವಳಿಗೂ ಗಂಡ ಹೇಳಿರಲಿಲ್ಲ.

"ದುಃಖದಾಗ ಏನೇನೋ ಮಾತಾಡ್ತಾನ," ಎಂದ ಬಸವರಾಜ್, ಸಿದ್ದಲಿಂಗೇಶನ ಕಡೆ ತಿರುಗಿ. "ಪುರಾವಿ ಏನೈತಿ?"

"ಪುರಾವಿ ಸುಟ್ಟವ ನಾನೇ ಅಂತೀನಲ್ಲ! ಕೋರ್ಟಿನ್ಯಾಗ ನಿಂತು ಹೇಳ್ತೀನಿ."

"ನಾಳಿಂದ ಯಾರ್ಡಿಗೆ ಬರಬ್ಯಾಡ."

"ಇವತ್ತಿಂದನೇ ಬರಂಗಿಲ್ಲ, ಹೋಗು."

ಬಸವರಾಜ್ ಹೋದ. ಸಿದ್ದಲಿಂಗೇಶ್ ಅವನ ಹಿಂದೆ ನಾಲ್ಕು ಹೆಜ್ಜೆ ಇಟ್ಟು, ನಿಂತು, ಮತ್ತೆ ಗುಣಿಯ ಕಡೆ ಬಂದ. ತಮ್ಮನ ಮುಖ ನೋಡುವ ಧೈರ್ಯ ಸಾಲದೆ ರುಮಾಲಿನ ತುದಿ ನೋಡುತ್ತ ನಿಂತ.

ತಾಯಕ್ಕ ಜಂಬುನಾಥನ ಎದುರು ಬಂದಳು.

"ಆರು ವರ್ಷ," ಎಂದಳು. "ನಾ ಇವಗ ಅನ್ನಬಾರದ್ದು ಅಂದೀನಿ. ನಿನ್ನ ಹೆಂಡ್ತಿ ಮಕ್ಳು ಸಾಯ್ಲಿ ಅಂದೀನಿ. ಕೇಳ್ಕೋತ ಕುಂತು ಅರ್ಜಿ ಬರದಾನ. ನೀ ಎಲ್ಲಿದ್ದೀ?"

"ತೂಕದ ಕೋಣ್ಯಾಗ," ಎಂದ ಜಂಬುನಾಥ್.

ಅವಳು ಬಗ್ಗಿ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಅವನ ಎದೆಗೆ ಎಸೆದಳು. ಹೆಂಟೆ ಒಡೆದು ಬಿಳಿ ಅಂಗಿಯ ತುಂಬ ಕೆಂಪಗೆ ಹರಡಿತು. ಅವನು ಕೊಡವಲಿಲ್ಲ, ಯಾರೂ ತಡೆಯಲಿಲ್ಲ. ಅವಳು ಇನ್ನೊಂದು ಹಿಡಿ ತೆಗೆದುಕೊಂಡು ಗುಣಿಯ ಅಂಚಿನಲ್ಲಿ ಮೊಣಕಾಲೂರಿ ಕೂತಳು. ಅಂಗೈಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕಿದಳು. ಆಮೇಲೆ ಕೈ ಆದಷ್ಟು ಕೆಳಕ್ಕೆ ಚಾಚಿ, ವೀರೇಶನ ಮುಖಕ್ಕೆ ತಾಗದ ಹಾಗೆ, ನಯವಾದ ಮಣ್ಣನ್ನು ಅವನ ಹೆಗಲ ಮೇಲೆ ಬೆರಳ ಸಂದಿಯಿಂದ ಮೆಲ್ಲಗೆ ಜಾರಬಿಟ್ಟಳು.