ಎಣಿಸಿದವರು

ಇವತ್ತಾದರೂ ಡಾಕ್ಟರ ಮುಂದೆ ಮಾತಾಡಲು ನನ್ನ ಗಂಟಲು ಬಿಡುತ್ತದೋ ಇಲ್ಲವೋ ಎಂಬುದೇ ಬೆಳಿಗ್ಗೆಯಿಂದ ಚಿಂತೆ. ಬಿ.ಎಸ್ಸಿ. ಮುಗಿಸಿದ್ದೇನೆ. ಆದರೂ ಬಸ್ಸಿನಲ್ಲಿ 'ಇಳೀಬೇಕು' ಅನ್ನಲು ನಾಚಿ, ನಮ್ಮೂರು ದೇವಸಮುದ್ರ ದಾಟಿಹೋಗಿ ನಡೆದು ವಾಪಸ್ ಬಂದವಳು ನಾನು.

ಚಳ್ಳಕೆರೆಯ ಖಾಸಗಿ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಅವ್ವ ಕೂತಿದ್ದಳು. ಎಡ ಮೊಲೆ ತೆಗೆದಿದ್ದಾರೆ. ಆ ಜಾಗಕ್ಕೆ ಹಳೆ ಸೀರೆಯ ತುಂಡು ಮಡಚಿಟ್ಟುಕೊಂಡಿದ್ದಾಳೆ. ಎಡಗೈ ಬಾತಿದೆ, ಕುರಿಮರಿ ಎತ್ತಲೂ ಆಗುವುದಿಲ್ಲ. ಬಂದಾಗಲೆಲ್ಲ ಬಲಗೈಯಿಂದ ರಕ್ತ ಎಳೆಯುತ್ತಾರೆ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕಣಗಳನ್ನು ಎಣಿಸಿದರೆ ಕಾಯಿಲೆ ಮುಂದೆ ಏನಾಗುತ್ತದೆಂಬ ಸುಳಿವು ಸಿಗುತ್ತದಂತೆ. ಅದರ ಸಂಶೋಧನೆ. "ಏನೇ ಗೊತ್ತಾದ್ರೂ ಮೊದ್ಲು ನಿಮಗೇ ಹೇಳ್ತೀವಿ" ಎಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಇದುವರೆಗೆ ತುಟಿ ಬಿಚ್ಚಿಲ್ಲ.

"ಎಣಿಕೆ ಎಷ್ಟು ಬಂತು ಅಂತ ಕೇಳವ್ವ," ಎಂದು ಪಿಸುಗುಟ್ಟಿದೆ.

"ಸುಮ್ನಿರೇ! ಕುರಿ ಎಷ್ಟವೆ ಅಂತ ನಾವು ಯಾರಿಗಾದ್ರೂ ಹೇಳ್ತೀವಾ? ಎಣಿಸಿ ಬಾಯ್ಬಿಟ್ರೆ ಮಂದೆಗೆ ದೃಷ್ಟಿ ಆಗ್ತೈತೆ. ಡಾಕ್ಟ್ರಿಗೂ ಅದು ಗೊತ್ತೈತೆ, ಅದ್ಕೇ ಹೇಳಲ್ಲ. ಒಳ್ಳೇವ್ರು ಕಣೇ."

ಪಕ್ಕದಲ್ಲಿ ನನ್ನಿವಾಳ ಊರಿನ ಬೋರಕ್ಕ. ಅವಳದೂ ಅದೇ ಕಾಯಿಲೆ, ಅದೇ ಸಾಲು. ಅವ್ವನ ಕಡೆ ತಿರುಗಿದಳು.

"ಸೊಳ್ಳೇನೂ ಒಳ್ಳೇದೇ ಬಿಡು ಪಾತಮ್ಮ. ಹೀರೋಕ್ ಮುಂಚೆ ಕಿವಿ ತಾವ ಬಂದು ಹಾಡು ಹೇಳ್ತೈತೆ."

ಸಾಲಿಗೆ ಸಾಲೇ ನಕ್ಕಿತು.

ಸಂಶೋಧನೆಗೆ ರಕ್ತ ತೆಗೆಯುವ ಶಶಿಕಾಂತ್ ಸಿರಿಂಜು ಹಿಡಿದು ಬಂದ. "ಬೇಗ ಕೈ ಕೊಡಮ್ಮ, ರಕ್ತ ಒಯ್ಯೋ ವ್ಯಾನ್ ಹೊರಡ್ಬೇಕು."

ಅವ್ವ ಕೈ ಚಾಚಿದಳು. ಅಷ್ಟರಲ್ಲಿ ಡಾಕ್ಟರ್ ವಿಶ್ವನಾಥ್ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕೇಳಿದರು: "ಇವಳ ಎಣಿಕೆ ಏರುತ್ತಲೇ ಇದೆಯಾ?"

"ಹೌದು ಸರ್, ಪ್ರತಿ ಸಲವೂ. ಹರಡುವ ಲಕ್ಷಣ. ತಿಳಿಸಲಾ?" ಅವನದೂ ಇಂಗ್ಲಿಷೇ.

"ಬೇಡ. ಹೆದರಿ ಬೇರೆ ಕಡೆ ಹೋದರೆ ನಮ್ಮ ಅಧ್ಯಯನ ಕೆಡುತ್ತದೆ. ಮುಗಿಯುವವರೆಗೆ ತೆಗೆಯುತ್ತಿರು."

ಕುರಿಗಳ ಮುಂದೆ ವ್ಯಾಪಾರ ಮಾತಾಡುವವರ ಹಾಗೆ, ನಮಗೆ ಇಂಗ್ಲಿಷ್ ಬಾರದೆಂದು ನಮ್ಮೆದುರೇ ಮಾತಾಡಿದರು. ಅವ್ವ ಇಬ್ಬರನ್ನೂ ನೋಡಿ ನಕ್ಕಳು. ಸೂಜಿ ನರ ಹುಡುಕುತ್ತಿತ್ತು.

ನನ್ನ ಕೈ ತಾನೇ ಮುಂದೆ ಹೋಯಿತು. ಅವ್ವನ ಮೊಣಕೈ ಮಡಚಿ ಹಿಡಿದೆ.

"ಏಯ್, ಕೈ ಬಿಡಮ್ಮ! ನಿಂಗೇನು ಗೊತ್ತಾಗುತ್ತೆ?" ಶಶಿಕಾಂತ್ ಗದರಿದ.

ಬೋರಕ್ಕ ಎದ್ದು ನಿಂತಳು. "ಏನಂದ್ರೇ ಅವ್ರು? ಓದಿದೋಳು ನೀನು, ಹೇಳೇ."

ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡಿದರು. ತೋಳೇರಿಸಿಕೊಂಡು ಕೂತವರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಡಾಕ್ಟರು ನನ್ನನ್ನು ಮೊದಲ ಸಲ ನೋಡಿದರು.

ಗಂಟಲು ಬಿಟ್ಟಿತು.

"ದೃಷ್ಟಿ ಆಗ್ತೈತೆ ಅಂತ ಸುಮ್ನಿರೋದಲ್ಲವ್ವ ಇವ್ರು. ನಿನ್ ರಕ್ತದಾಗೆ ಕಾಯಿಲೆ ಏರ್ತಾ ಐತೆ. ಇವ್ರಿಗೆ ಗೊತ್ತೈತೆ. ನೀನು ಎದ್ದು ಹೋಗ್ಬಾರ್ದು ಅಂತ ಮುಚ್ಚಿಟ್ಟವ್ರೆ."