ರಬ್ಬಿಯವರು ಸುಮ್ಮನೆ ಕೂತ ಆರು ದಿನ

ನಮ್ಮ ರಬ್ಬಿ ಲಯೊನೆಲ್ ಬಾಯಿ ತೆಗೆದರೆ ಮುಚ್ಚುವವರಲ್ಲ. ವೆಂಬ್ಲಿಯ ಅವರ ಪುಟ್ಟ ಸಿನಗಾಗ್‌ನಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸಿ ಕಪ್ಪು-ಬಸಿ ತೊಳೆಯುವವಳು ನಾನು, ನನಗೆ ಗೊತ್ತಿಲ್ಲವೇ? ಅಲ್ಲಿ ಪ್ರಾರ್ಥನೆಗೆ ಬರುವ ಯಹೂದಿಗಳು ಇಪ್ಪತ್ತೋ ಇಪ್ಪತ್ತೆರಡೋ ಜನ, ಹೆಚ್ಚಿನವರು ಮುದುಕರು. ಪ್ರತಿ ಶುಕ್ರವಾರ ಬೆಳಿಗ್ಗೆ ಅಷ್ಟೂ ಮಂದಿಗೆ ಫೋನ್ ಮಾಡಿ ಒಬ್ಬರ ಮಂಡಿನೋವು, ಇನ್ನೊಬ್ಬರ ಸೊಸೆಯ ಜಗಳ, ಎಲ್ಲ ವಿಚಾರಿಸುತ್ತಾರೆ. ಬಲ್ಬು ಹಾಕುವವರೂ ಅವರೇ, ಹೆಣದ ಜೊತೆ ಹೋಗುವವರೂ ಅವರೇ. "ಸುಜಾತಾ, ಈ ಕೆಲಸಕ್ಕೆ ಶಾಸ್ತ್ರಕ್ಕಿಂತ ಏಣಿ ಹೆಚ್ಚು ಬೇಕು" ಎಂದು ನಗಿಸುತ್ತಿದ್ದರು.

ಅಂಥವರು ನನ್ನ ಗಂಡ ಪುರಂದರ ಸತ್ತ ಮಾರನೇ ದಿನ ನಮ್ಮ ಫ್ಲ್ಯಾಟಿಗೆ ಬಂದು ಒಂದು ಮಾತೂ ಆಡಲಿಲ್ಲ. ಬಾಗಿಲ ಬಳಿಯ ಗಿಡ್ಡ ಸ್ಟೂಲಿನ ಮೇಲೆ ಕೂತರು. ಕಾಫಿ ಕೊಡಹೋದರೆ ಬೇಡವೆಂದು ಕೈಯಾಡಿಸಿದರು. ಒಂದು ಗಂಟೆ ಕೂತು ಎದ್ದು ಹೋದರು. ನಾನೂ ಸುಮ್ಮನಿದ್ದೆ. ಸಾವಿನ ಮನೆಗೆ ಬಂದವರು ತಾನೇ ಮೊದಲು ಮಾತಾಡಬೇಕು?

ಉಳಿದವರೆಲ್ಲ ಧಾರಾಳವಾಗಿ ಮಾತಾಡಿದರು. ಕುಂದಾಪುರದಿಂದ ನಾದಿನಿ ಸುವರ್ಣಾ ವಿಡಿಯೊ ಕಾಲ್‌ನಲ್ಲಿ, "ಎಂತ ಮಾಡುದ್ ಅತ್ತಿಗೆ, ಋಣ ಇದ್ದದ್ದೇ ಅಷ್ಟ್. ನೀವ್ ಗಟ್ಟಿ ಆಯ್ಕ್" ಎಂದಳು. ಮಗಳು ತೃಷಾ, "ಅಮ್ಮಾ, ಈಟ್ ಸಮ್‌ಥಿಂಗ್, ಪ್ಲೀಸ್" ಎಂದಳು. ಯಾರ ಕೈಯಲ್ಲಿತ್ತು ಹೇಳಿ, ಎಂದರು ಎಲ್ಲರೂ.

ನನಗೆ ಅಳು ಬರಲಿಲ್ಲ. ಹಸಿವಿಲ್ಲ, ನಿದ್ದೆಯಿಲ್ಲ, ಏನೂ ಇಲ್ಲ. ಯಾರ ಕೈಯಲ್ಲಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಬೆಳಿಗ್ಗೆ ಎದೆ ಹಿಡಿದ ಹಾಗಿದೆ ಎಂದ ಗಂಡನಿಗೆ ಓಮದ ನೀರು ಕುಡಿಸಿ, ಗ್ಯಾಸ್ ಅಷ್ಟೇ ಎಂದು ಈಸ್ಟ್ ಹ್ಯಾಮಿನ ಹೋಟೆಲ್ ಕೆಲಸಕ್ಕೆ ಅಟ್ಟಿದವಳು ನಾನು. ನೆಲದಡಿಯ ಟ್ಯೂಬ್ ರೈಲಿನಲ್ಲೇ ಕುಸಿದುಬಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ. ಓಮದ ನೀರಿನ ಆ ಲೋಟವನ್ನು ತೊಳೆಯದೆ ಸಿಂಕಿನ ಕೆಳಗೆ ಅಡಗಿಸಿಟ್ಟಿದ್ದೆ.

ರಬ್ಬಿ ಎರಡನೇ ದಿನ ಬಂದರು. ಮೂರನೇ ದಿನವೂ ಬಂದರು. ಅದೇ ಸ್ಟೂಲು, ಅದೇ ಮೌನ. ಐದನೇ ದಿನ ನನಗೆ ರೇಗಿಹೋಯಿತು. ಸಿನಗಾಗ್‌ನ ಆಫೀಸು ನೋಡಿಕೊಳ್ಳುವ ಮುದುಕಿ ಸಿಲ್ವಿಯಾಗೆ ಫೋನ್ ಮಾಡಿ, "ನಿಮ್ಮ ರಬ್ಬಿಗೆ ನಾಲಿಗೆ ಬಿದ್ದುಹೋಗಿದೆಯಾ? ನನ್ನ ಮನೆಗೆ ಬಂದು ಗೊಂಬೆ ಹಾಗೆ ಕೂರುವುದು ಯಾಕೆ?" ಎಂದು ಕೇಳಿದೆ.

"ಅಯ್ಯೋ, ನೀನು ಇನ್ನೂ ಮಾತಾಡಿಲ್ಲವಾ?" ಎಂದಳು ಸಿಲ್ವಿಯಾ. "ನಮ್ಮಲ್ಲಿ ದುಃಖದಲ್ಲಿರುವವರು ಬಾಯಿ ತೆಗೆಯುವ ತನಕ ಬಂದವರು ಮಾತಾಡುವ ಹಾಗಿಲ್ಲ. ನನ್ನ ಗಂಡ ಹೋದಾಗಲೂ ಹೀಗೇ ಕೂತಿದ್ದರು. ನಿನ್ನನ್ನೂ ನಮ್ಮವಳೇ ಅಂದುಕೊಂಡಿದ್ದಾರೆ ಕಣೆ."

ಆರನೇ ದಿನ ಅವರು ಬಂದು ಕೂತರು.

"ರಬ್ಬಿ" ಎಂದೆ.

ತಲೆ ಎತ್ತಿದರು. ನಾನು ಒಳಗೆ ಹೋಗಿ ಲೋಟ ತಂದು ಅವರ ಕೈಗೆ ಕೊಟ್ಟೆ. ತಳದಲ್ಲಿ ಓಮದ ಕಾಳು ಒಣಗಿ ಅಂಟಿಕೊಂಡಿತ್ತು.

"ಎದೆ ನೋವು ಅಂದರು. ನಾನು ಗ್ಯಾಸ್ ಅಂದೆ. ಇದನ್ನು ಕುಡಿಸಿ ಕಳಿಸಿಬಿಟ್ಟೆ."

ನಿನ್ನ ತಪ್ಪಲ್ಲ ಎನ್ನುತ್ತಾರೆಂದು ಕಾದೆ. ಹಾಗೆ ಅಂದಿದ್ದರೆ ಬಾಗಿಲು ತೋರಿಸುತ್ತಿದ್ದೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮತ್ತೆ?" ಎಂದರು. ಆರು ದಿನದಲ್ಲಿ ಅವರು ಆಡಿದ ಮೊದಲ ಮಾತು ಅದು.

"ಎರಡು ಸಲ ಅಂದರು ರಬ್ಬಿ. ಶೂ ಹಾಕಿಕೊಳ್ಳುವಾಗ ಇನ್ನೊಂದು ಸಲ. ನೀವು ಕೂತಿದ್ದೀರಲ್ಲ, ಅದೇ ಸ್ಟೂಲಿನ ಮೇಲೆ ಕೂತು. ನಾನು ಅಡುಗೆಮನೆಯಿಂದ ತಿರುಗಿಯೂ ನೋಡಲಿಲ್ಲ. ಟ್ಯೂಬ್ ತಪ್ಪುತ್ತದೆ, ಹೊರಡಿ ಅಂದೆ."

ರಬ್ಬಿ ಸ್ಟೂಲಿನಿಂದ ಏಳಲಿಲ್ಲ. ಲೋಟವನ್ನು ಕೆಳಗಿಡಲೂ ಇಲ್ಲ. ಆಗ ನನಗೆ ಅಳು ಬಂತು.